ಜಾಮೀನು ನಿಲ್ಲುವ ಕೆಲಸ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಓದಿ ಹೊರಗೆ ಹೋದ ಹುಡುಗ ಹುಡುಗಿಯರು ಫೋನು ಮಾಡಿದಾಗ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಅಣ್ಣಾ, ಸಂಬಳ ಚೊಲೋ ಐತಿ, ಆದ್ರ ಊರಿಗೆ ಏನರ ಮಾಡಬೇಕು ಅನಸ್ತತಿ. ನೀವು ಈ ಕೆಲಸಕ್ಕೆ ಹೆಂಗ ಬಂದ್ರಿ?" ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲೂ ಅಮೆರಿಕದಲ್ಲೂ ದುಡಿದು ಊರಿಗೆ ಮರಳಿದವನು ನಾನು. ಊರಿಗೆ ಉಪಯೋಗವಾಗುವ ಸಣ್ಣ ಉದ್ಯಮ ಕಟ್ಟುವವರ ಬೆನ್ನಿಗೆ ನಿಲ್ಲುವ ಚಿಕ್ಕ ಸಂಸ್ಥೆಯೊಂದನ್ನು ಈ ಐದು ತಾಲ್ಲೂಕುಗಳಲ್ಲಿ ಈಗ ನಡೆಸುತ್ತಿದ್ದೇನೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಈ ಕೆಲಸಕ್ಕೆ ನಮ್ಮ ಭಾಗದಲ್ಲಿ ಎದ್ದು ಕಾಣುವ ಮಾದರಿ ಗುರುರಾಜ ದೇಶಪಾಂಡೆಯವರದು. 1950ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದರು. ತಂದೆ ಕಾರ್ಮಿಕ ಇಲಾಖೆಯ ಅಧಿಕಾರಿ. ಮದ್ರಾಸಿನ ಐಐಟಿಯಲ್ಲಿ ಓದಿ, ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ, ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ, ಬಾಸ್ಟನ್ ಕಡೆ ನೆಲೆ ನಿಂತು ಕಂಪನಿಗಳನ್ನು ಕಟ್ಟಿದರು. 1990ರಲ್ಲಿ ಶುರುವಾದ ಕ್ಯಾಸ್ಕೇಡ್ ಕಮ್ಯುನಿಕೇಷನ್ಸ್ 1997ರಲ್ಲಿ ಸುಮಾರು 370 ಕೋಟಿ ಡಾಲರಿಗೆ ಅಸೆಂಡ್ ಕಂಪನಿಯ ಪಾಲಾಯಿತು. 1998ರಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಹುಟ್ಟಿತು. ಪತ್ನಿ ಜಯಶ್ರೀಯವರ ಜೊತೆ 1996ರಲ್ಲೇ ದೇಶಪಾಂಡೆ ಫೌಂಡೇಶನ್ ಕಟ್ಟಿದ್ದರು. 2002ರಲ್ಲಿ ಎಂಐಟಿಯಲ್ಲಿ ಸಂಶೋಧನೆಯನ್ನು ಮಾರುಕಟ್ಟೆಗೆ ತರುವ ಕೇಂದ್ರ, ಆಮೇಲೆ ಹುಬ್ಬಳ್ಳಿಯಲ್ಲಿ 'ಸ್ಯಾಂಡ್‌ಬಾಕ್ಸ್', ಅದರ ನಂತರ ಮ್ಯಾಸಚೂಸೆಟ್ಸ್‌ನ ಲೋವೆಲ್ ಮತ್ತು ಲಾರೆನ್ಸ್ ಪಟ್ಟಣಗಳಲ್ಲಿ ಅದೇ ಬಗೆಯ ಕೆಲಸ. ಲಾರೆನ್ಸ್ ತಲೆಮಾರುಗಳಿಂದ ವಲಸಿಗರ ಊರು. ಹುಬ್ಬಳ್ಳಿಯಿಂದ ವಲಸೆ ಹೋದವರೊಬ್ಬರು ಬೇರೆ ದೇಶಗಳಿಂದ ಬಂದ ವಲಸಿಗರಿಗೆ ಅಂಗಡಿ, ಅಡುಗೆಮನೆ, ಸಣ್ಣ ವ್ಯಾಪಾರ ತೆರೆಯಲು ನೆರವಾದರು. ಇದು ಸಣ್ಣ ಮಾತಲ್ಲ.

1. ಪರಿಚಯ ಇಲ್ಲದವನ ಕಷ್ಟ ಮರೆಯಬೇಡಿ

ಅಮೆರಿಕಕ್ಕೆ ಹೋದ ಹೊಸದರಲ್ಲಿ, ಇಲ್ಲಿನ ಬ್ಯಾಂಕಿನಲ್ಲಿ ಎಷ್ಟು ವರ್ಷ ನೆಟ್ಟಗೆ ವ್ಯವಹಾರ ಮಾಡಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಸಾಲ ತೀರಿಸಿದ ದಾಖಲೆ ಇಲ್ಲವೆಂದು ಕ್ರೆಡಿಟ್ ಕಾರ್ಡ್ ಕೊಡುವುದಿಲ್ಲ. ಕೊಟ್ಟರೂ ಮೊದಲು ಅಷ್ಟೇ ಹಣ ಠೇವಣಿ ಇಡಿ ಎನ್ನುತ್ತಾರೆ. ಬಾಡಿಗೆ ಮನೆಯವರು ಹಿಂದಿನ ಮಾಲೀಕರ ಹೆಸರು ಕೇಳುತ್ತಾರೆ. ಕೈಯಲ್ಲಿ ಪದವಿ ಇದೆ, ಕೆಲಸ ಬರುತ್ತದೆ, ಆದರೆ "ಇವನು ನಂಬಿಕಸ್ಥ, ನನಗೆ ಗೊತ್ತು" ಎನ್ನುವ ಒಬ್ಬ ಮನುಷ್ಯ ಆ ಊರಲ್ಲಿ ಇಲ್ಲ. ದೇಶಪಾಂಡೆಯವರನ್ನು ಉದ್ಯಮದ ಕಡೆಗೆ ಎಳೆದದ್ದೂ ಕ್ವೀನ್ಸ್‌ನಲ್ಲಿ ಪರಿಚಯವಾದ ಪ್ರಾಧ್ಯಾಪಕರೊಬ್ಬರ ಕರೆಯೇ. ಆ ಪ್ರಾಧ್ಯಾಪಕರು ಮೋಟೊರೋಲಾದ ಅಂಗಸಂಸ್ಥೆ ಕೋಡೆಕ್ಸ್‌ಗೆ ಹೋದಾಗ ಇವರನ್ನೂ ಕರೆದುಕೊಂಡರು.

ಈಗ ನಮ್ಮ ಕಡೆ ನೋಡಿ. ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಿಂದ, ಹಟ್ಟಿಗಳಿಂದ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಕುಟುಂಬಗಳಿವೆ. ಮಲೆನಾಡಿನ ಕಾಫಿ ತೋಟಕ್ಕೆ, ಕಬ್ಬು ಕಡಿಯಲಿಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ. ಅವರಿಗೆ ಹೊರಗಿನ ಲೋಕದ ಪರಿಚಯ ಎಂದರೆ ಮೇಸ್ತ್ರಿ ಒಬ್ಬನೇ. ಮುಂಗಡ ಕೊಡುವವನೂ ಅವನೇ, ತೋಟದ ಮಾಲೀಕನಿಗೆ "ಇವರು ನನ್ನ ಮಂದಿ" ಎನ್ನುವವನೂ ಅವನೇ. ಆ ಒಂದು ಮಾತಿಗೆ ಅವರು ತೆರುವ ಬೆಲೆ ದೊಡ್ಡದು: ಮುಂಗಡ ತೀರುವವರೆಗೂ ಬೇರೆ ಕಡೆ ಹೋಗುವಂತಿಲ್ಲ, ಕೂಲಿ ಎಷ್ಟೆಂದು ಕೇಳುವಂತಿಲ್ಲ.

ಉದ್ಯಮ ಕಟ್ಟುವವರ ಬೆನ್ನಿಗೆ ನಿಲ್ಲುವ ಸಂಸ್ಥೆಯ ಕೆಲಸ ನನ್ನ ಕಣ್ಣಿಗೆ ಇದು: ಮೇಸ್ತ್ರಿಯ ಹಾಗೆ ಕಟ್ಟಿಹಾಕದೆ ಜಾಮೀನು ನಿಲ್ಲುವುದು. ತರಬೇತಿ, ಶಿಬಿರ, ಪ್ರಶಸ್ತಿ, ಸಮಾವೇಶ ಎಲ್ಲ ಆಮೇಲಿನದು.

2. ಸಂಬಳ ಬಟವಾಡೆ ಮಾಡಿ ಗೊತ್ತಿರಲಿ

ದೇಶಪಾಂಡೆಯವರು 1988ರಲ್ಲಿ ಸೇರಿ ಕಟ್ಟಿದ ಮೊದಲ ಕಂಪನಿ ಕೋರಲ್ ನೆಟ್‌ವರ್ಕ್ಸ್. ಪಾಲುದಾರರ ಜೊತೆ ದಾರಿ ಕೂಡಲಿಲ್ಲ, ಹೊರಗೆ ಬಂದರು. ಕ್ಯಾಸ್ಕೇಡ್ ಅದರ ನಂತರದ ಮಾತು. ಸಿಕಮೋರ್ ಷೇರು ಆಕಾಶ ಮುಟ್ಟಿದ್ದು 1999-2000ರಲ್ಲಿ. ಟೆಲಿಕಾಂ ಕುಸಿತ ಬಂದು ಇಳಿಯಿತು. 2013ರಲ್ಲಿ ಕಂಪನಿ ಮುಚ್ಚುವ ತೀರ್ಮಾನಕ್ಕೇ ಬಂತು. ಏಳುಬೀಳು ಎರಡನ್ನೂ ಉಂಡವರ ಮಾತಿಗೆ ಒಂದು ತೂಕ ಇರುತ್ತದೆ. ಊರಿಗೆ ಬರಬೇಕೆನ್ನುವ ಹುಡುಗರಿಗೆ ನಾನು ಹೇಳುವುದೂ ಅದನ್ನೇ. ಮೊದಲು ಕೆಲವು ವರ್ಷ ಯಾವುದಾದರೂ ಉದ್ಯಮದ ಖರೀದಿ ವಿಭಾಗದಲ್ಲೋ ಲೆಕ್ಕಪತ್ರದಲ್ಲೋ ಮಾರಾಟದಲ್ಲೋ ಕೂತು ದುಡಿಯಿರಿ. ತಿಂಗಳ ಕೊನೆಗೆ ಬರಬೇಕಾದ ಹಣ ಬಂದಿಲ್ಲ, ಹತ್ತು ಜನರಿಗೆ ಸಂಬಳ ಕೊಡಬೇಕು ಎನ್ನುವ ರಾತ್ರಿಯನ್ನು ಕಂಡವರು ಮಾತ್ರ ಇನ್ನೊಬ್ಬ ಉದ್ಯಮಿಯ ಎದುರು ಕೂತು ಉಪಯೋಗದ ಮಾತು ಆಡಬಲ್ಲರು.

3. ಹೊಂಡ ತೋಡುವ ಮುಂಚೆ ಮಣ್ಣು ನೋಡಿ

ಹುಬ್ಬಳ್ಳಿ ಸ್ಯಾಂಡ್‌ಬಾಕ್ಸಿನ ಲೆಕ್ಕಾಚಾರ ಸರಳ. ಧಾರವಾಡ, ಗದಗ, ಹಾವೇರಿಯಂಥ ಕೆಲವು ಜಿಲ್ಲೆಗಳ ಒಂದು ಸೀಮೆ ಗುರುತಿಸಿಕೊಂಡು, ಅದರೊಳಗೆ ಹಲವರು ಹಲವು ಪ್ರಯೋಗ ಮಾಡಲಿ, ನಿಂತದ್ದು ಬೆಳೆಯಲಿ, ನಿಲ್ಲದ್ದು ಬೀಳಲಿ. ಅಲ್ಲಿ ಚೆನ್ನಾಗಿ ನಿಂತ ಕೆಲಸಗಳಲ್ಲಿ ಕೃಷಿ ಹೊಂಡ ಒಂದು. ನವಲಗುಂದದ ಕಡೆ ಹೊಲಗಳಲ್ಲಿ ಮಳೆನೀರು ತುಂಬಿ ನಿಂತದ್ದನ್ನು ಕಂಡು ಬಂದ ನಮ್ಮ ಕಡೆಯ ರೈತರು "ನಮಗೂ ಅಂಥದ್ದೇ ಬೇಕು" ಎಂದರು.

ನವಲಗುಂದದ್ದು ಎರೆ ಭೂಮಿ. ಎರೆ ನೀರು ಕುಡಿದು ಉಬ್ಬಿ ಬಿಗಿಯುತ್ತದೆ, ಹೊಂಡದ ತಳ ತಾನೇ ಮುಚ್ಚಿಕೊಳ್ಳುತ್ತದೆ. ಕೂಡ್ಲಿಗಿಯ ಬಹುಪಾಲು ಮಸಾರಿ, ಕೆಳಗೆ ಗರಸು. ಅಲ್ಲಿ ಹಾಗೇ ತೋಡಿದ ಹೊಂಡದ ನೀರು ಕೆಲವೇ ವಾರದಲ್ಲಿ ಇಂಗಿಹೋಗುತ್ತದೆ. ಪಕ್ಕದ ಬಾವಿಗೆ ಅದರಿಂದ ಒಳ್ಳೆಯದೇ, ಆದರೆ ಹೊಂಡದ ನೀರು ನಂಬಿ ಬೆಳೆ ಇಟ್ಟವನಿಗೆ ಕಷ್ಟ. ಮಸಾರಿಯಲ್ಲಿ ನೀರು ನಿಲ್ಲಬೇಕಾದರೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಹಾಳೆ ಹಾಸಿದರೆ ಖರ್ಚು ಏರುತ್ತದೆ. ಖರ್ಚು ಏರಿದರೆ ಶೇಂಗಾ, ಮೆಕ್ಕೆಜೋಳದ ಲೆಕ್ಕಕ್ಕೆ ಹೊಂಡ ಗಿಟ್ಟುವುದಿಲ್ಲ, ತರಕಾರಿಯೋ ಹೂವೋ ಬೇಕು. ಒಂದೇ ನಾಡಿನ ಎರಡು ತಾಲ್ಲೂಕಿಗೇ ಇಷ್ಟು ಅಂತರ. ಕೆನಡಾದಿಂದಲೋ ಕೋರಮಂಗಲದಿಂದಲೋ ಯೋಜನೆ ಹೊತ್ತು ತರುವವರು ಮೊದಲು ಒಂದು ಮಳೆಗಾಲ ಇಲ್ಲಿ ಇದ್ದು ನೋಡಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

4. ಯಂತ್ರಕ್ಕಿಂತ ಮುಂಚೆ ದುಡಿಯುವ ಬಂಡವಾಳ, ಅದಕ್ಕೂ ಮುಂಚೆ ಒಂದು ಸಹಿ

ಕೂಡ್ಲಿಗಿ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಹುಣಸೆಹಣ್ಣಿನ ಉದ್ಯಮದ ವಿಚಾರ ಹಿಡಿದು ನಮ್ಮಲ್ಲಿಗೆ ಬಂದಳು. ಓದಿದವಳು, ಲೆಕ್ಕ ಪಕ್ಕಾ. ಅವಳ ಓಣಿಯಲ್ಲಿ ಬೇಸಿಗೆ ಬಂತೆಂದರೆ ಪ್ರತಿ ಕಟ್ಟೆಯ ಮೇಲೂ ಹುಣಸೆಯ ರಾಶಿ. ಮೇಲಿನ ಸಿಪ್ಪೆ ಒಡೆದು ತೆಗೆಯಬೇಕು, ನಾರು ಎಳೆಯಬೇಕು, ಆಮೇಲೆ ಹಣ್ಣನ್ನು ಕಲ್ಲಿನ ಮೇಲಿಟ್ಟು ಸಣ್ಣ ಕೊಡತಿಯಿಂದ ತಟ್ಟಿ ಬೀಜ ಹಾರಿಸಬೇಕು. ಜೋರಾಗಿ ಹೊಡೆದರೆ ಬೀಜ ಒಡೆದು ಹಣ್ಣಿಗೆ ಸೇರುತ್ತದೆ, ಮೆಲ್ಲಗೆ ಹೊಡೆದರೆ ಬಿಡುವುದಿಲ್ಲ. ಬೆರಳ ತುದಿ ಹುಳಿಗೆ ಸುಲಿದುಹೋಗುತ್ತದೆ. ಇಷ್ಟು ಮಾಡಿ ಹೆಂಗಸರಿಗೆ ಸಿಗುವುದು ಕಿಲೋ ಲೆಕ್ಕದ ಕೂಲಿ. ಮರಗಳನ್ನು ಕಾಯಿ ಇರುವಾಗಲೇ ವರ್ತಕರು ಗುತ್ತಿಗೆ ಹಿಡಿದಿರುತ್ತಾರೆ. ಹಣ್ಣು ಕೋಲ್ಡ್ ಸ್ಟೋರೇಜಿಗೆ ಹೋಗುತ್ತದೆ, ಏಕೆಂದರೆ ಹೊರಗಿಟ್ಟರೆ ಮಳೆಗಾಲದ ತೇವಕ್ಕೆ ಕಪ್ಪಾಗುತ್ತದೆ. ಹಂಗಾಮು ದಾಟಿ ದರ ಏರಿದ ಮೇಲೆ ಮಾರಾಟ. ಲಾಭ ಇರುವುದು ಆ ಕಾಯುವಿಕೆಯಲ್ಲಿ. ಕಾಯಲು ಬೇಕಾದದ್ದು ಹಣ.

ಅವಳ ಯೋಚನೆ ಇಷ್ಟೇ: ಮರಗಳನ್ನು ನಾವೇ ಗುತ್ತಿಗೆ ಹಿಡಿಯೋಣ, ಓಣಿಯ ಹೆಂಗಸರೇ ಬಿಡಿಸಲಿ, ಕೂಲಿ ಆಗಲೇ ಕೊಡೋಣ, ಮಾರಿದ ಮೇಲೆ ಲಾಭದಲ್ಲೂ ಪಾಲು ಹಂಚೋಣ. ಇದನ್ನು ಕೇಳಿದ ದಾನಿಗಳೆಲ್ಲ ಬೀಜ ತೆಗೆಯುವ ಯಂತ್ರ ಕೊಡಿಸುತ್ತೇವೆ ಎಂದರು. ಯಂತ್ರದ ಮೇಲೆ ದಾನಿಯ ಹೆಸರು ಬರೆಸಬಹುದು, ಫೋಟೊ ತೆಗೆಸಬಹುದು. ಆರು ತಿಂಗಳು ಗೋದಾಮಿನಲ್ಲಿ ಸುಮ್ಮನೆ ಕೂರುವ ಹುಣಸೆಗೆ ಹಣ ಹಾಕಲು ಯಾರೂ ಮುಂದೆ ಬರಲಿಲ್ಲ. ಅವಳು ಹೇಳಿದ್ದು ನನಗೆ ಈಗಲೂ ನೆನಪಿದೆ: "ಮಶೀನು ಬ್ಯಾಡ ಸರ್. ಮಶೀನು ಬಂದ್ರ ನಮ್ಮ ಓಣ್ಯಾಗಿನ ಕೆಲಸ ಹೊಕ್ಕತಿ. ನನಗ ಬೇಕಾಗಿದ್ದು ಮರ ಹಿಡಿಯಾಕ ರೊಕ್ಕ."

ಬ್ಯಾಂಕಿಗೆ ಹೋದೆವು. ಹತ್ತು ಲಕ್ಷದವರೆಗಿನ ಕಿರು ಉದ್ಯಮದ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆ ಆಗಲೇ ವರ್ಷಗಳಿಂದ ಇತ್ತು. ಮುದ್ರಾ ಯೋಜನೆಯೂ ಇತ್ತು. ಆದರೂ ಮೇಜಿನ ಆಚೆಯಿಂದ ಮೊದಲು ಬಂದ ಪ್ರಶ್ನೆ, "ಜಾಮೀನು ಯಾರು?" ಅರ್ಜಿಯಲ್ಲಿ ತಂದೆ ಅಥವಾ ಗಂಡನ ಹೆಸರು ಎಂಬ ಒಂದು ಜಾಗ. ಅವಳ ತಾಯಿಯನ್ನು ಎಳವೆಯಲ್ಲೇ ದೇವರ ಹೆಸರಿನಲ್ಲಿ ಬಿಟ್ಟಿದ್ದರು. ಆ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿದೆ. 1993-94ರಲ್ಲಿ, ಮತ್ತೆ 2007-08ರಲ್ಲಿ ಮಾಜಿ ದೇವದಾಸಿಯರ ಸಮೀಕ್ಷೆಯೂ ನಡೆಯಿತು. ಆದರೆ ಅರ್ಜಿ ನಮೂನೆಯ ಆ ಗೆರೆ ಮಾತ್ರ ಮಗಳ ತನಕ ಬಂದು ನಿಂತಿತ್ತು. ಅವಳು ತಡವರಿಸದೆ ತಾಯಿಯ ಹೆಸರು ಬರೆದಳು. ಗುಮಾಸ್ತರು ತಲೆ ಎತ್ತಿ ನೋಡಿದರು. "ಅವ್ವನ ಹೆಸರು ಸರ್, ಸಾಕಲ್ಲಾ?" ಎಂದಳು.

ನಾವು ಮಾಡಿದ್ದು ಮೂರು ಕೆಲಸ. ನಮ್ಮ ಸಂಸ್ಥೆಯ ಹೆಸರಿನಲ್ಲಿ ಅದೇ ಶಾಖೆಯಲ್ಲಿ ಠೇವಣಿ ಇಟ್ಟು, ಸಾಲದಲ್ಲಿ ನಷ್ಟವಾದರೆ ಮೊದಲ ಪೆಟ್ಟು ನಮಗೆ ಎಂದು ಬರೆದುಕೊಟ್ಟೆವು. ಬೆಂಗಳೂರಿನ ಖರೀದಿದಾರರೊಬ್ಬರಿಂದ ಇಷ್ಟು ಮಾಲು, ಇಂಥ ತಿಂಗಳು, ಇಂಥ ದರ ಎಂದು ಲಿಖಿತ ಆರ್ಡರ್ ತರಿಸಿದೆವು. ಗೋದಾಮಿನ ರಸೀದಿ ಬ್ಯಾಂಕಿಗೇ ಹೋಗುವಂತೆ ಮಾಡಿದೆವು. ಸಾಲ ಬಂತು, ಹಣ್ಣು ಮಾರಾಟವಾಯಿತು, ಸಾಲ ತೀರಿತು. ಮುಂದಿನ ಹಂಗಾಮಿಗೆ ಠೇವಣಿ ಅರ್ಧಕ್ಕೆ ಇಳಿಸಿದೆವು, ಆಮೇಲೆ ಪೂರ್ತಿ ತೆಗೆದೆವು. ಈಗ ಆ ಶಾಖೆಗೆ ಅವಳ ಹೆಸರೇ ಸಾಕು.

ಕೊನೆಯ ಆ ಹೆಜ್ಜೆಯೇ ಕಷ್ಟದ್ದು. ತೆಗೆಯಲು ಮನಸ್ಸು ಬರುವುದಿಲ್ಲ. ಉದ್ಯಮಿ ನಮ್ಮನ್ನೇ ನೆಚ್ಚಿಕೊಂಡಿದ್ದರೆ ನಮ್ಮ ವರದಿ ಚಂದ ಕಾಣುತ್ತದೆ, ದಾನಿಗಳೂ ಖುಷಿಪಡುತ್ತಾರೆ. ಆದರೆ ಹಿಂದೆ ಸರಿಯದ ಜಾಮೀನುದಾರನಿಗೂ ಮುಂಗಡದ ಮೇಸ್ತ್ರಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ.

5. ಕಂತು ದುಡಿಮೆಯ ಜೊತೆ ನಡೆಯಲಿ

ಸೋಲಾರ್ ಕಂಪನಿ ಸೆಲ್ಕೊ ಕಟ್ಟಿದ ಹರೀಶ್ ಹಂದೆಯವರು ಹೇಳುವ ಒಂದು ಸಂಗತಿ ನಮ್ಮ ಕೆಲಸಕ್ಕೆ ಕೈಮರ. ಬೀದಿ ವ್ಯಾಪಾರ ಮಾಡುವ ಹೆಣ್ಣುಮಗಳಿಗೆ ಸೋಲಾರ್ ದೀಪಕ್ಕೆ ತಿಂಗಳಿಗೆ 300 ರೂಪಾಯಿ ಭಾರ. ದಿನಕ್ಕೆ 10 ರೂಪಾಯಿ ಆದರೆ ಆಗುತ್ತದೆ. ಮೊತ್ತ ಒಂದೇ, ಆದರೆ ಅವಳ ಕೈಗೆ ದುಡ್ಡು ಬರುವುದು ದಿನದ ಲೆಕ್ಕದಲ್ಲಿ. ಹಂದೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಕ್ಯಾಂಪಸ್ಸಿನಲ್ಲಿ ಡಾಕ್ಟರೇಟಿಗೆ ಓದಿದವರು; 1995ರಲ್ಲಿ ಸೆಲ್ಕೊ ಶುರುಮಾಡಿದರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಲೋವೆಲ್ ಎಂಬ ಒಂದೇ ಪಟ್ಟಣ ನಮ್ಮ ನಾಡಿನ ಇಬ್ಬರ ಕತೆಯಲ್ಲೂ ಬರುವುದು ನನಗೆ ಖುಷಿ ಕೊಡುವ ಸಂಗತಿ.

ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಹೂವು ಬೆಳೆದವರು ಬೆಳಗಿನ ಜಾವ ಮೊಗ್ಗು ಬಿಡಿಸಿ ಅಂದೇ ಮಾರುತ್ತಾರೆ; ಹಂಗಾಮಿನಲ್ಲಿ ದಿನಾ ಚಿಲ್ಲರೆ ಓಡಾಡುತ್ತದೆ. ಅವರಿಗೆ ವಾರದ ಕಂತು ಒಗ್ಗುತ್ತದೆ. ಕೊಟ್ಟೂರಿನ ಕಡೆ ಶೇಂಗಾ ಬೆಳೆದವರಿಗೆ ಹಣ ಬರುವುದು ಮಾಲು ಮಾರುಕಟ್ಟೆ ಪ್ರಾಂಗಣ ಸೇರಿದ ದಿನ. ಹುಣಸೆಯವರಿಗೆ ಇನ್ನೂ ತಡ. ಮೂವರಿಗೂ ಒಂದೇ ವಾರದ ಕಂತು ಕಟ್ಟಿದರೆ ಇಬ್ಬರು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುತ್ತಾರೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸಣ್ಣ ಸಾಲಗಳ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ವಸೂಲಿಯ ಕಿರುಕುಳದ ಹಿಂದೆ ದುಡಿಮೆಗೂ ಕಂತಿಗೂ ತಾಳೆಯಿಲ್ಲದ ಲೆಕ್ಕ ಇದೆ ಎನ್ನುವುದು ನನ್ನ ತೀರ್ಮಾನ.

6. ಮನುಷ್ಯನ ಊಟಕ್ಕೆ ಮೊದಲು ದಾರಿ ಮಾಡಿ

ಬಿಲ್ ಡ್ರೇಟನ್ 1980ರಲ್ಲಿ ಕಟ್ಟಿದ ಅಶೋಕ ಸಂಸ್ಥೆ ಸಾಮಾಜಿಕ ಉದ್ಯಮಿಗಳನ್ನು ಗುರುತಿಸಿ ಕೆಲವು ವರ್ಷದ ಜೀವನಕ್ಕೆ ಸಂಬಳದಂತೆ ಹಣ ಕೊಡುವ ಪದ್ಧತಿ ಹಾಕಿತು. ಅದರ ಮೊದಲ ಫೆಲೋಗಳನ್ನು ಆರಿಸಿದ್ದೇ ಭಾರತದಿಂದ. ಯೋಜನೆಗೆ ಕೊಡದೆ ಮನುಷ್ಯನಿಗೆ ಕೊಡುವ ಈ ವಿಚಾರ ನಮ್ಮ ಕಡೆ ಇನ್ನೂ ಹೆಚ್ಚು ಅಗತ್ಯ. ಮನೆಯಲ್ಲಿ ಮೊದಲು ಪದವಿ ಮುಗಿಸಿದ ಹುಡುಗಿ "ಉದ್ಯಮ ಮಾಡುತ್ತೇನೆ" ಎಂದರೆ ಮನೆಯವರು ಕೇಳುವುದು, "ತಿಂಗಳಿಗೆ ಎಷ್ಟು ತರ್ತೀಯವ್ವಾ?" ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಅದಕ್ಕೆ ಉತ್ತರ ಕೊಡದ ಯಾವ ನೆರವೂ ಕೊನೆಗೆ ತಲುಪುವುದು ಅಪ್ಪನ ಆಸ್ತಿ ಇದ್ದವರ ಮಕ್ಕಳನ್ನೇ.

7. ಹಣದ ಕಾನೂನು ಓದಿಕೊಂಡೇ ಬನ್ನಿ

ಹೊರದೇಶದಲ್ಲಿರುವವರು ಇದನ್ನು ಗಮನವಿಟ್ಟು ಓದಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಡುವ ದೇಣಿಗೆ ವಿದೇಶಿ ದೇಣಿಗೆಯಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದವರೂ ಸೇರಿ, ಕೊಟ್ಟರೆ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ಅನುಮತಿ ಬೇಕು. ಅಣ್ಣ ಕೊಟ್ಟದ್ದು ನಡೆಯುತ್ತದೆ, ಅಮೆರಿಕದ ಪೌರನಾದ ತಮ್ಮ ಕೊಟ್ಟದ್ದು ನಡೆಯುವುದಿಲ್ಲ ಎನ್ನುವ ಪರಿಸ್ಥಿತಿ ಒಂದೇ ಮನೆಯಲ್ಲಿ ಬರುತ್ತದೆ.

ಆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಮೂರು ಮುಖ್ಯ ಬದಲಾವಣೆ ತಂದಿತು. ವಿದೇಶಿ ಹಣ ಮೊದಲು ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಎಲ್ಲಕ್ಕಿಂತ ದೊಡ್ಡದು, ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ದೊಡ್ಡ ಸಂಸ್ಥೆ ಪಡೆದು ಹಳ್ಳಿಯ ಸಣ್ಣ ಸಂಘಗಳಿಗೆ ಹಂಚುವ ಹಳೆಯ ದಾರಿ ಅಲ್ಲಿಗೆ ಮುಚ್ಚಿತು. ಹೀಗಾಗಿ ನಮ್ಮಂಥವರು ದೇಶದೊಳಗಿನ ಹಣವನ್ನೇ ನೆಚ್ಚಬೇಕು: ಕಂಪನಿ ಕಾಯ್ದೆ 2013ರ ಪ್ರಕಾರ ದೊಡ್ಡ ಕಂಪನಿಗಳು ಲಾಭದಲ್ಲಿ ಕೊಡಬೇಕಾದ ಶೇ 2ರ ಸಿಎಸ್‌ಆರ್, ಊರಿನವರ ದೇಣಿಗೆ, ಈಗೀಗ ಸೋಷಿಯಲ್ ಸ್ಟಾಕ್ ಎಕ್ಸ್‌ಚೇಂಜ್. 2023ರ ಡಿಸೆಂಬರಿನಲ್ಲಿ ಅದರಲ್ಲಿ ಮೊದಲು ಪಟ್ಟಿಯಾದದ್ದು ನಮ್ಮ ಬೆಂಗಳೂರಿನ ಉನ್ನತಿ ಫೌಂಡೇಶನ್.

8. ಕಡತದ ಇನ್ನೊಂದು ಪ್ರತಿ ನಿಮ್ಮ ಹತ್ತಿರ ಇರಲಿ

ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಒಂದೇ ಸಂಘದ ಕಾಗದ ಮೂರು ಊರಿನ ಕಚೇರಿಗಳಲ್ಲಿ ಹರಿದುಹಂಚಿರಬಹುದು. ಬ್ಯಾಂಕುಗಳೂ ಹಾಗೆಯೇ. ಗ್ರಾಮೀಣ ಬ್ಯಾಂಕುಗಳು ಒಂದರೊಳಗೊಂದು ಸೇರುತ್ತಾ ಬಂದು, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಬಳ್ಳಾರಿ ಕೇಂದ್ರವಾಗಿ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಉಳಿದಿದೆ. ಅಧಿಕಾರಿ ವರ್ಗವಾದರೆ ಅವರ ಜೊತೆ ನಂಬಿಕೆಯೂ ವರ್ಗವಾಗುತ್ತದೆ. ಉದ್ಯಮಿ ಕಟ್ಟಿದ ಪ್ರತಿ ಕಂತಿನ ರಸೀದಿ, ಪ್ರತಿ ಆರ್ಡರಿನ ಪತ್ರ ಜೋಡಿಸಿಟ್ಟರೆ ಹೊಸ ಅಧಿಕಾರಿಯ ಮುಂದೆ ಅವೇ ಮಾತಾಡುತ್ತವೆ.

9. ಊರಲ್ಲಿ ಉಳಿದವರೇ ಮುಂದೆ ನಿಲ್ಲಲಿ

ಹೊರಗೆ ಹೋಗಿ ಬಂದ ನಮ್ಮಂಥವರಿಗೆ ಇಂಗ್ಲಿಷ್ ಬರುತ್ತದೆ, ಪ್ರಸ್ತಾವ ಬರೆಯಲು ಬರುತ್ತದೆ, ಸಭೆಯಲ್ಲಿ ಮಾತಾಡಲು ಬರುತ್ತದೆ. ಆದ್ದರಿಂದ ವೇದಿಕೆ ನಮಗೇ ಸಿಗುತ್ತದೆ. ನಮ್ಮ ಸಂಸ್ಥೆಯಲ್ಲಿ ಈಗ ಯಾವ ಉದ್ಯಮಕ್ಕೆ ಜಾಮೀನು ನಿಲ್ಲಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಹಿಂದೆ ನೆರವು ಪಡೆದು ಸಾಲ ತೀರಿಸಿದವರೇ ಹೆಚ್ಚು. ಹುಣಸೆಯ ಆ ಹೆಣ್ಣುಮಗಳೂ ಇದ್ದಾಳೆ. ಅವರು ನನಗಿಂತ ಕಟ್ಟುನಿಟ್ಟು. ಯಾರ ಮಾತು ಗಟ್ಟಿ, ಯಾರದು ಪೊಳ್ಳು ಎಂದು ಅವರಿಗೆ ಬೇಗ ತಿಳಿಯುತ್ತದೆ. ಈ ಸಂಸ್ಥೆಯ ಮುಂದಿನ ಮುಖ್ಯಸ್ಥರು ಆ ಸಮಿತಿಯಿಂದಲೇ ಬರಬೇಕು ಎಂದು ನಾನು ಬರೆದಿಟ್ಟಿದ್ದೇನೆ.

ಬೆಂಗಳೂರಿನಲ್ಲೋ ಬಾಸ್ಟನ್ನಿನಲ್ಲೋ ದುಬೈಯಲ್ಲೋ ಕೂತು ಇದನ್ನು ಓದುತ್ತಿರುವ ನಮ್ಮ ಐದು ತಾಲ್ಲೂಕುಗಳ ಮಂದಿಗೆ ಒಂದು ಬೇಡಿಕೆ. ಕೆಲಸ ಬಿಟ್ಟು ಬನ್ನಿ ಎಂದು ನಾನು ಕೇಳುವುದಿಲ್ಲ. ನಿಮ್ಮ ಊರಿನಲ್ಲಿ ಏನಾದರೂ ಕಟ್ಟುತ್ತಿರುವ ಒಬ್ಬರನ್ನು ಹುಡುಕಿ, ಅವರ ಲೆಕ್ಕದ ಪುಸ್ತಕ ಓದಿ, ಕೆಲಸ ಒಪ್ಪಿಗೆಯಾದರೆ ಅವರ ಪರವಾಗಿ ಒಂದು ಬ್ಯಾಂಕಿಗೋ ಒಬ್ಬ ಖರೀದಿದಾರರಿಗೋ ನಿಮ್ಮ ಹೆಸರು ಹಾಕಿ ಪತ್ರ ಬರೆಯಿರಿ. ಹುಣಸೆಯ ಮರ ಗುತ್ತಿಗೆ ಹಿಡಿಯುವ ಕಾಲ ಬರುವ ಮುಂಚೆ ಬರೆದರೆ ಇನ್ನೂ ಒಳ್ಳೆಯದು.